ಸೋಮವಾರದ ಹತ್ತುಗಳೆಲ್ಲ ಪಂಕ್ತಿಗೆ ಕುಳಿತದ್ದು

ನಮ್ಮೂರಲ್ಲಿ ಒಂದು ಗಂಟೆಯನ್ನು ಮನೆಗೆ ಕರೆದರೆ ಖರ್ಚು ಇಷ್ಟು: ಒಂದು ಕಪ್ಪು ಚಹಾ, ಒಂದು ಬಟ್ಟಲು ಒಗ್ಗರಣೆ ಅವಲಕ್ಕಿ, ಏಳುವಾಗ ಎಲೆ-ಅಡಿಕೆ. ಹದಿನೈದು ರೂಪಾಯಿಯಲ್ಲಿ ಮುಗಿಯುತ್ತದೆ. ಅರ್ಧ ಗಂಟೆಗೆ ಅರ್ಧ ಕಪ್ಪು ಚಹಾ ಸಾಕು, ಆದರೆ ಅವಲಕ್ಕಿ ಮಾತ್ರ ಪೂರಾ ಬಟ್ಟಲು ಬೇಡುತ್ತದೆ. ಕೋರ್ಟಿಗೆ ಕರೆದೊಯ್ಯುವ ಹನ್ನೊಂದಾದರೆ ಬಸ್ ಚಾರ್ಜನ್ನೂ ನಾವೇ ಕೊಡಬೇಕು. ಮದುವೆಯ ಮುಹೂರ್ತವಾದರೆ ಶಾಲು, ತೆಂಗಿನಕಾಯಿ, ಮುಂದಿನ ಸಾಲಿನಲ್ಲಿ ಕುರ್ಚಿ, ಬೀಗರಿಗಿಂತ ಒಂದು ಹೋಳಿಗೆ ಹೆಚ್ಚು. ಮಧ್ಯರಾತ್ರಿ ಏನೂ ತಿನ್ನುವುದಿಲ್ಲ, ಹಾಸಿಗೆ ಕೇಳುತ್ತದೆ. ಅದನ್ನು ಕಳ್ಳರು ಬಿಟ್ಟರೆ ಬೇರೆಯವರು ಕರೆಯುವುದು ಕಡಿಮೆ.

ನಾನು ಸಾವಂತ್ರವ್ವ. ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತೇನೆ. ಬಂದವರಿಗೆ ಬಡಿಸುವುದೇ ನನ್ನ ಕಸುಬು, ಆದರೂ ಗಂಟೆಗಳನ್ನು ನಾನು ಸುಮ್ಮಸುಮ್ಮನೆ ಕರೆದವಳಲ್ಲ. ಊರಲ್ಲಿ ಯಾರೂ ಕರೆಯುವುದಿಲ್ಲ. 'ನಾಳೆ ಹತ್ತಕ್ಕೆ ಬರುತ್ತೇನೆ' ಎಂದು ಬಾಯಿ ಬಿಟ್ಟು ಆಡಿದರೆ ಆಯಿತು, ಮರುದಿನ ಹತ್ತಪ್ಪ ಸ್ವಲ್ಪ ಮುಂಚೆಯೇ ಬಾಗಿಲಿಗೆ ಬಂದು ಕೆಮ್ಮುತ್ತಾನೆ. ಚಹಾ ಕುಡಿಯುತ್ತಾನೆ, ನಿಮ್ಮನ್ನು ಜತೆಗೆ ಕರೆದುಕೊಂಡು ಹೊರಡುತ್ತಾನೆ. ಆಮೇಲೆಯೇ ಊರಿಗೆ ಹತ್ತು ಹೊಡೆಯುವುದು. ನಾಲ್ಕು ಮನೆಯವರು ಕರೆದಿದ್ದರೆ ನಾಲ್ಕೂ ಕಡೆ ಚಹಾ ಕುಡಿದೇ ಬರುತ್ತಾನೆ. ನಮ್ಮೂರಲ್ಲಿ ಸಭೆ ಸಮಾರಂಭಗಳು ತಡವಾಗುವುದು ಅದಕ್ಕೇ. ಹಾಗಾಗಿ ನಾವು 'ಹೊತ್ತೇರಲಿ ನೋಡೂಣು', 'ರೊಟ್ಟಿ ಆದಮ್ಯಾಲ ಬರ್ತೀನಿ' ಎಂದು ಸುತ್ತಿ ಬಳಸಿ ಮಾತಾಡುತ್ತೇವೆ. ಕರೆದ ಮೇಲೆ ಮಾತ್ರ ಮರ್ಯಾದೆ ತಪ್ಪುವ ಹಾಗಿಲ್ಲ. ಎದುರುಮನೆಯ ಗುರಸಿದ್ದಪ್ಪ ಒಮ್ಮೆ ಸಂಜೆಯ ನಾಲ್ಕನ್ನು ಕರೆದು, ಮನೆಯಲ್ಲಿ ಸಕ್ಕರೆ ಇಲ್ಲವೆಂದು ಬಾಗಿಲಿನಿಂದಲೇ ಸಾಗಹಾಕಿದ. ಅಂದಿನಿಂದ ಅವನ ಮನೆಗೆ ನಾಲ್ಕು ಬರುವುದಿಲ್ಲ. ಮೂರು ಮುಗಿದರೆ ನೇರವಾಗಿ ಐದು. ಸಂಜೆಯ ಚಹಾ ಅನ್ನುವುದು ಅವನ ಬಾಳಿನಲ್ಲೇ ಇಲ್ಲ. ಮುಖ ನೋಡಿದರೆ ಗೊತ್ತಾಗುತ್ತದೆ.

ಇಂಥ ಊರಿನಲ್ಲಿ ಸರಕಾರದವರು ಪಶು ಆರೈಕೆಯ ಕಾಲೇಜು ತೆರೆದರು. ಒಂದು ವರ್ಷದ ಕೋರ್ಸು, ಪಾಸಾದರೆ ದನದ ದವಾಖಾನೆಯಲ್ಲಿ ಕೆಲಸ. ನನ್ನ ಸೊಸೆ ಕಸ್ತೂರಿ ಅಲ್ಲಿಗೆ ಸೇರಿದಳು. ಮದುವೆಯ ಮಾತುಕತೆಗೆ ಹೋದಾಗ ಅವಳು ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಚಹಾದ ತಟ್ಟೆ ಕೆಳಗಿಟ್ಟು, "ನನಗ ದನದ ವಿದ್ಯಾ ಕಲೀಬೇಕಂತ ಐತಿ, ನೀವು ಕಲಸ್ತೀರೇನು?" ಎಂದು ನನ್ನನ್ನೇ ಕೇಳಿದಳು. ಹತ್ತು ಜನರ ಎದುರು ಹ್ಞೂಂ ಅಂದಿದ್ದೆ. ನನ್ನ ಮಗ ಈರಣ್ಣ ಪಕ್ಕದಲ್ಲಿ ಕುಳಿತು ಬಾಯಿ ತೆರೆದು ನೋಡುತ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಕಾಲೇಜು ಸಿಕ್ಕಿತು, ತೊಡಕೂ ಸಿಕ್ಕಿತು. ಅಲ್ಲಿ 'ಹೊತ್ತೇರಲಿ' ಎಂದರೆ ನಡೆಯುವುದಿಲ್ಲ. ಸೋಮವಾರ ಹತ್ತಕ್ಕೆ ಪ್ರಾಣಿಗಳ ಶರೀರದ ಪಾಠ, ಗುರುವಾರ ಎರಡಕ್ಕೆ ಪ್ರಾಕ್ಟಿಕಲ್, ಶನಿವಾರ ಹನ್ನೊಂದಕ್ಕೆ ಔಷಧದ ಪಾಠ. ಪ್ರತಿಯೊಂದು ಗಂಟೆಯನ್ನೂ ಹಿಂದಿನ ದಿನ ನೆನಪಿಟ್ಟು ಕರೆಯಬೇಕು. ಕಸ್ತೂರಿ ಖಾನಾವಳಿಯಲ್ಲಿ ರೊಟ್ಟಿ ಬಡಿದು ಸುಸ್ತಾಗಿ, ಒಂದು ಸಲ ಗುರುವಾರದ ಎರಡವ್ವನ ಬದಲು ಶುಕ್ರವಾರದ ಎರಡವ್ವನನ್ನು ಕರೆದಳು. ಅವಳು ಪಾಪ ಕಸ್ತೂರಿಯನ್ನು ಕರೆದುಕೊಂಡು ಹೋಗಿ, ಕಾಲೇಜಿನ ಬೀಗ ನೋಡಿ, ವಾಪಸ್ ಬಂದು ನಮ್ಮ ಕಟ್ಟೆಯ ಮೇಲೆ ಮಲಗಿಬಿಟ್ಟಳು. ಎಬ್ಬಿಸುವಷ್ಟರಲ್ಲಿ ಊರಿಗೆಲ್ಲ ಮಧ್ಯಾಹ್ನ ಉದ್ದವಾಗಿತ್ತು. ಸೋಮವಾರಗಳಂತೂ ಎರಡು ತಪ್ಪಿಹೋದವು. ಪ್ರಿನ್ಸಿಪಾಲ್ ಪ್ರಫುಲ್ಲಾ ಮೇಡಂ, ಬೇರೆ ಸೀಮೆಯಿಂದ ಬಂದವರು, ಬಿಗಿ ಹೆಂಗಸು, ಕಸ್ತೂರಿಯನ್ನು ಕರೆದು ಹೇಳಿದರು: "ನೋಡಮ್ಮ, ಇನ್ನೊಂದು ಸೋಮವಾರ ತಪ್ಪಿದರೆ ನಿನ್ನ ಹೆಸರು ಪರೀಕ್ಷೆಗೆ ಕಳಿಸೋದಿಲ್ಲ. ಆಮೇಲೆ ಅತ್ತರೆ ನಾನು ಕೇಳೋಳಲ್ಲ."

ಅಂದು ಸಂಜೆ ಕಸ್ತೂರಿ ಊಟ ಮಾಡಲಿಲ್ಲ. ಈರಣ್ಣ ತನ್ನ ಗೂಡ್ಸ್ ಆಟೋ ನಿಲ್ಲಿಸಿ ಬಂದವನು ಹೆಂಡತಿಯ ಮುಖ ನೋಡಿದ, ಜೇಬಿನಿಂದ ಫೋನು ತೆಗೆದ. "ಇಷ್ಟಕ್ಕ ಅಳ್ತಾರೇನು? ಇದ್ರಾಗ ಕ್ಯಾಲೆಂಡರ್ ಐತಿ. ಒಮ್ಮೆ ಹಾಕಿದ್ರ ಮುಗೀತು. ಬಾಯಿಲೆ ಕರಿಯೂದ ಬ್ಯಾಡ, ತಾನ ಕರೀತೈತಿ."

"ತಾನ ಚಹಾನೂ ಕಾಸತೈತೇನು?" ಎಂದೆ ನಾನು.

"ನಿನಗ ಎಲ್ಲಾದ್ರಾಗೂ ಒಲಿನ ಕಾಣತೈತಿ, ಅವ್ವ."

ಗಂಡ ಹೆಂಡತಿ ಇಬ್ಬರೂ ತಲೆಗೆ ತಲೆ ತಾಗಿಸಿ ಕುಳಿತರು. ಸೋಮವಾರಕ್ಕೆ ಯಾವ ಬಣ್ಣ ಎಂದು ಮೊದಲು ವಾದವಾಯಿತು. ಕಸ್ತೂರಿ ಹಸಿರು ಅಂದಳು, ದನ ಹುಲ್ಲು ತಿನ್ನುತ್ತದೆಂದು. ಈರಣ್ಣ ಕೇಸರಿ ಹಾಕಿದ. ಆಮೇಲೆ ಫೋನು ಕೇಳಿತು, ಇದು ಮತ್ತೆ ಮತ್ತೆ ಬರಬೇಕೋ ಎಂದು. ಪ್ರತಿ ವಾರ ಎಂದು ಒತ್ತಿದ. ಯಾವಾಗಿನವರೆಗೆ ಎಂದು ಕೇಳಿತು.

"ಕೋರ್ಸು ಮುಗಿಯೂ ತನಕ ಹಾಕ್ರಿ," ಎಂದಳು ಕಸ್ತೂರಿ.

"ಅದಕ್ಕ ತಾರೀಖು ಹುಡುಕಬೇಕು. ಇಲ್ಲಿ ನೋಡು, 'ಯಾವಾಗಲೂ' ಅಂತ ಐತಿ. ಇದ ಚಲೋ. ಇದ್ದರ ಇರಲಿ." ಒತ್ತಿದ. ಅತಿಥಿಗಳಿಗೆ ಆಹ್ವಾನ ಕಳಿಸಲೇ ಎಂದು ಫೋನು ಕೇಳಿತು. "ಇದೇನು ಕೇಳೂ ಮಾತೇನು, ಕಳಸು," ಎಂದು ಅದನ್ನೂ ಒತ್ತಿದ. ಗುರುವಾರಕ್ಕೆ ಬಣ್ಣ ಆರಿಸುವಷ್ಟರಲ್ಲಿ ಚಾರ್ಜು ಮುಗಿದು ಫೋನು ಆರಿಹೋಯಿತು. ನಮ್ಮ ಪುಣ್ಯ ದೊಡ್ಡದು.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಕೆಮ್ಮು ಕೇಳಿತು. ಹತ್ತಪ್ಪ ಬಂದಿದ್ದ, ಬಿಳಿ ಧೋತರ, ಕರಿ ಕೋಟು, ನರೆತ ಮೀಸೆ, ಯಾವಾಗಿನ ಹಾಗೇ. ಕುಳ್ಳಿರಿಸಿ ನೀರು ಕೊಟ್ಟೆ. ಅವನ ಹಿಂದೆ ಇನ್ನೊಂದು ಕೆಮ್ಮು. ಅದೇ ಮುಖ, ಅದೇ ಕೋಟು, ಮೀಸೆ ಮಾತ್ರ ಸ್ವಲ್ಪ ಕರಿ. "ನೀವ್ಯಾರಪ್ಪ?" ಎಂದೆ. "ಬರೂ ಸೋಮವಾರದ ಹತ್ತು. ಆಹ್ವಾನ ಬಂದಿತ್ತಲ್ಲ," ಎಂದ. ಅವನ ಹಿಂದೆ ಅದರಾಚೆಯ ಸೋಮವಾರದವನು, ಇನ್ನೂ ತರುಣ. ಹೊರಗೆ ಇಣುಕಿದೆ. ಸಾಲು ಬಸ್ ಸ್ಟ್ಯಾಂಡು ದಾಟಿ ತಿರುವಿನಲ್ಲಿ ಮರೆಯಾಗಿತ್ತು. ಮುಂದಿನವು ಮೀಸೆಯವು, ನಡುವಿನವು ಚಡ್ಡಿಯವು, ಅದರ ಹಿಂದೆ ಮೂಗು ಸುರಿಸುವವು. ಇನ್ನೂ ಬಲಿಯದ, ಎಷ್ಟೋ ವರ್ಷ ಆಚೆಯ ಹತ್ತುಗಳನ್ನು ದೊಡ್ಡ ಹತ್ತುಗಳು ಬುಟ್ಟಿಯಲ್ಲಿ ಹಾಕಿ ತಲೆಯ ಮೇಲೆ ಹೊತ್ತು ತಂದಿದ್ದವು.

"ಅತ್ತಿ, ಎಷ್ಟು ಮಂದಿಗೆ ಅವಲಕ್ಕಿ ತೋಯಿಸ್ಲಿ?" ಎಂದು ಒಳಗಿನಿಂದ ಕಸ್ತೂರಿ ಕೇಳಿದಳು.

"ಅಳಿಯಾಕ ಹೋಗಬ್ಯಾಡ," ಎಂದೆ. "ಚೀಲಾನ ಸುರುವು."

ಬಂದವರನ್ನು ಬಾಗಿಲಿನಿಂದ ಹಿತ್ತಲಿನ ತನಕ ಸಾಲಾಗಿ ಪಂಕ್ತಿಯಲ್ಲಿ ಕೂರಿಸಿದೆ. ನಾನು ಮಾಡಿದ ತಪ್ಪೆಂದರೆ ಇದೇ. ಪಂಕ್ತಿಗೆ ಕುಳಿತ ಮೇಲೆ ಎಲ್ಲರೂ ಮುಗಿಸದೆ ಒಬ್ಬನೇ ಏಳುವ ಹಾಗಿಲ್ಲವಲ್ಲ. ಇವತ್ತಿನ ಹತ್ತಪ್ಪ ತನ್ನ ಬಟ್ಟಲು ಖಾಲಿ ಮಾಡಿ, ಕೈ ಒಣಗಿಸಿಕೊಂಡು, ಸಾಲಿನ ಕೊನೆಯನ್ನು ನೋಡುತ್ತ ಕುಳಿತ. ಕೊನೆಯಲ್ಲಿ ಬುಟ್ಟಿಯ ಕೂಸುಗಳು. ಅವು ಒಂದು ಕಾಳು ತಿಂದರೆ ನಾಲ್ಕು ಉಗುಳುತ್ತಿದ್ದವು. ಒಂದು ನಿದ್ದೆ ಹೋಯಿತು. ಇನ್ನೊಂದು ನಮ್ಮ ಮೇಕೆಯ ಬಾಲ ಹಿಡಿದು ಬಿಡಲಿಲ್ಲ.

ಅಷ್ಟರಲ್ಲಿ ಊರು ನಿಂತಿತು. ಹತ್ತು ನಮ್ಮ ಮನೆಯಲ್ಲಿ ಕುಳಿತಿರುವಾಗ ಊರಿಗೆ ಹತ್ತು ಹೊಡೆಯುವುದಾದರೂ ಹೇಗೆ? ಹೊತ್ತು ಹುಣಸೆಮರದ ನೆತ್ತಿಯಿಂದ ಅಲುಗಲಿಲ್ಲ. ಬ್ಯಾಂಕಿನವನು ಕೀಲಿಕೈ ಹಿಡಿದುಕೊಂಡು ಬಂದ: "ಸಾವಂತ್ರಕ್ಕ, ಒಂದ ಹತ್ತು ಬಿಟ್ಟು ಕೊಡು. ಬಾಗಿಲ ಮುಂದ ಪೆನ್ಷನ್ನಿನ ಅಜ್ಜಂದಿರು ನನ್ನ ತಿನ್ನಾಕತ್ತಾರ." ಗುರಸಿದ್ದಪ್ಪ ತನ್ನ ಕಟ್ಟೆಯಿಂದಲೇ, "ಉಪವಾಸ ಕಳಸಬ್ಯಾಡ್ರಿ, ನನ್ನ ಗತಿ ನೋಡ್ರಿ," ಎಂದ. ಹನ್ನೊಂದಕ್ಕನನ್ನು ಯಾರೂ ಕರೆದಿರಲಿಲ್ಲ; ಹತ್ತು ಏಳದೆ ತಾನು ಊರೊಳಗೆ ಕಾಲಿಡುವ ಹಾಗಿಲ್ಲವೆಂದು ಅವಳು ಬಂದು ನಮ್ಮ ಬಾಗಿಲ ಹೊರಗೆ ಕುಳಿತಳು. ಸುಮ್ಮನೆ ಕುಳಿತೇನು ಮಾಡಲಿ ಎಂದು ನನ್ನ ಮೆಂತ್ಯಸೊಪ್ಪು ಸೋಸಿಕೊಟ್ಟಳು. ಗುಣವಂತೆ.

ಈರಣ್ಣ ಫೋನಿಗೆ ಚಾರ್ಜು ಹಾಕಿ ಓಡಿಬಂದ. "ಅವ್ವ, ಅಳಸಿಬಿಡ್ತೀನಿ. ಇದೊಂದನ್ನ ಅಳಸಲೇ, ಮುಂದಿನವೆಲ್ಲಾ ಅಳಸಲೇ ಅಂತ ಕೇಳಾಕತ್ತೈತಿ." ಪಂಕ್ತಿಯಲ್ಲಿ ಎತ್ತಿದ ತುತ್ತು ಎತ್ತಿದಲ್ಲೇ ನಿಂತಿತು. ಅಷ್ಟೂ ಹತ್ತುಗಳು ಅವನನ್ನು ನೋಡಿದವು. ನಾನು ಫೋನು ಕಿತ್ತು ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ. "ಉಣ್ಣಾಕ ಕುಂತವರ ಮುಂದ ಅಳಸೂ ಮಾತು ಆಡ್ತೀ? ಹೋಗು, ನೀರು ಬಡಸು."

ಕಸ್ತೂರಿ ಒಲೆಯ ಹತ್ತಿರ ನಿಂತಿದ್ದಳು, ಹೆಗಲಿಗೆ ಪುಸ್ತಕದ ಚೀಲ, ಕೈಯಲ್ಲಿ ಸೌಟು. "ಇವತ್ತೂ ಹೋತು, ಅತ್ತಿ," ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು. ಹತ್ತು ಜನರ ಎದುರು ಕೊಟ್ಟ ಮಾತು ನನ್ನ ಮನೆಯಲ್ಲೇ ಅವಲಕ್ಕಿ ತಿನ್ನುತ್ತ ಕುಳಿತಿತ್ತು. "ನೀ ಹೋಗು, ಒಬ್ಬಾಕಿನ ಓಡು," ಎಂದೆ. "ಹತ್ತಿಲ್ಲದ ಹೋಗಿ ಏನ್ ಮಾಡ್ಲಿ? ಅಲ್ಲಿ ಇನ್ನೂ ಬೆಳಿಗ್ಗೆನ ಇರ್ತೈತಿ," ಎಂದಳು. ಅದೂ ನಿಜವೇ.

ಆಗ ಪ್ರಫುಲ್ಲಾ ಮೇಡಂ ಬಂದರು. ಹಿಂದೆ ಕಾಲೇಜಿನ ಹುಡುಗ ಹುಡುಗಿಯರೆಲ್ಲ. ಕಂಕುಳಲ್ಲಿ ಹಾಜರಿ ಪುಸ್ತಕ. ಬಾಗಿಲಲ್ಲೇ ಶುರು ಮಾಡಿದರು. "ಏನಮ್ಮ ಕಸ್ತೂರಿ, ಮೂರನೇ ಸೋಮವಾರ ಇದು. ನಾನೇ ಬಂದು ನಿನ್ನೆದುರೇ ಹೆಸರು ಹೊಡೆದು ಹಾಕೋಣ ಅಂತ..." ಪಂಕ್ತಿ ಕಂಡಿತು. "ಇವರೆಲ್ಲ ಯಾರು?"

"ನಿಮ್ಮ ಸೋಮವಾರಗಳ್ರಿ," ಎಂದೆ. "ಕೂಡ್ರಿ, ಅವಲಕ್ಕಿ ತಗೊಳ್ರಿ."

"ಅವಲಕ್ಕಿ ಬೇಡ. ಕ್ಲಾಸಿಗೆ ಬಾರದ ಹುಡುಗಿ ಮನೇಲಿ..."

"ಮೇಡಂ," ಎಂದಳು ಕಸ್ತೂರಿ. ಅವಳು ಮೇಡಂ ಎದುರು ದನಿ ಎತ್ತಿದ್ದು ಅದೇ ಮೊದಲು. "ಕ್ಲಾಸು ಶುರು ಆಗೇತೇನ್ರಿ?"

"ಇಲ್ಲ. ಹತ್ತೇ ಆಗಿಲ್ಲವಲ್ಲ."

"ಶುರು ಆಗದ ಕ್ಲಾಸು ನಾ ಹ್ಯಾಂಗ ತಪ್ಪಿಸಿದಂಗ ಆತು? ಹತ್ತು ಇಲ್ಲಿ ಐತಿ. ನೀವು ಇಲ್ಲಿ ಅದೀರಿ. ನಾವೆಲ್ಲಾ ಅದೀವಿ. ದನದ ಪಾಠಕ್ಕ ಹಿತ್ತಲದಾಗ ಮೇಕಿನೂ ಐತಿ. ಇಲ್ಲೇ ಹೇಳ್ರಲ್ಲ."

ಮೇಡಂ ಅವಳನ್ನು ನೋಡಿದರು, ಮೇಕೆಯನ್ನು ನೋಡಿದರು, ಹತ್ತಪ್ಪನನ್ನು ನೋಡಿದರು. ಹತ್ತಪ್ಪ ಕುಳಿತಲ್ಲೇ ಕೈಮುಗಿದ. ಬಿಗಿ ಹೆಂಗಸು ನಿಜ, ಆದರೆ ಸುಳ್ಳು ಲೆಕ್ಕ ಬರೆಯುವವರ ಪೈಕಿ ಅಲ್ಲ. ಹಾಜರಿ ಪುಸ್ತಕ ಬಿಚ್ಚಿದರು, ಹೆಸರು ಕೂಗಿದರು. ಕಸ್ತೂರಿ ಸೌಟು ಎತ್ತಿ "ಹಾಜರ್ರಿ" ಅಂದಳು. ನನ್ನ ಎದೆಯಿಂದ ಒಂದು ಬೀಸುಕಲ್ಲು ಇಳಿಯಿತು.

ಪಾಠ ಚೆನ್ನಾಗಿತ್ತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆ ಇರುತ್ತವೆಂದು ಮೇಡಂ ನಮ್ಮ ಮೇಕೆಯ ಪಕ್ಕೆ ಮುಟ್ಟಿ ತೋರಿಸಿದರು. ಸಾಲಿನ ನಡುವಿನ ಒಬ್ಬ ಹತ್ತಪ್ಪ, "ನಾಕೂ ಕೋಣಿ ತುಂಬಾಕ ಎಷ್ಟು ಅವಲಕ್ಕಿ ಬೇಕ್ರಿ?" ಎಂದು ಕೇಳಿದ. ಮೇಡಂ ಅದಕ್ಕೂ ಉತ್ತರ ಹೇಳಿ, ಪುಸ್ತಕ ಮುಚ್ಚಿ, ಮನೆಗೆ ಹೊರಡುವವರ ಹಾಗೆ ಸೆರಗು ಸರಿಮಾಡಿಕೊಂಡರು. ಆಗ ಎರಡನೆಯ ಹತ್ತಪ್ಪ ಮೆಲ್ಲಗೆ ಕೆಮ್ಮಿದ.

"ನಂದು?" ಎಂದ.

"ನಿಂದೇನಪ್ಪ?"

"ನನಗೂ ಪಾಠಕ್ಕಂತನ ಕರದಿದ್ರು. ಅವನಿಗೊಂದು ಹೇಳಿ ನನಗ ಬಿಟ್ಟರ ಹ್ಯಾಂಗ್ರಿ?"

ಮೇಡಂ ನನ್ನ ಕಡೆ ತಿರುಗಿದರು. ಒಂದೇ ಪಂಕ್ತಿಯಲ್ಲಿ ಒಬ್ಬನಿಗೆ ತುಪ್ಪ ಹಾಕಿ ಇನ್ನೊಬ್ಬನಿಗೆ ತಪ್ಪಿಸಿದರೆ ಅದು ಊಟವೇ ಅಲ್ಲ. ಅಷ್ಟೇ ಹೇಳಿದೆ. ಮೇಡಂ ನಿಟ್ಟುಸಿರುಬಿಟ್ಟು ಪುಸ್ತಕದ ಮುಂದಿನ ಪುಟ ತೆಗೆದರು, ಮತ್ತೆ ಹಾಜರಿ ಕೂಗಿದರು.

ಹಾಗೆ ಒಂದಾದ ಮೇಲೆ ಒಂದು. ಎಲುಬು ಮುಗಿಯಿತು, ಹಲ್ಲು ಮುಗಿಯಿತು, ಗೊರಸು ಬಂತು. ನಾನು ಪಾಠಕ್ಕೊಂದು ಸುತ್ತು ಚಹಾ ಕಾಸಿದೆ. ಈರಣ್ಣ ಅಂಗಡಿಗೆ ಹೋಗಿ ಅವಲಕ್ಕಿ ತಂದ, ಅದು ತೀರಿದ ಮೇಲೆ ಚುರುಮುರಿ ತಂದ. ಬ್ಯಾಂಕಿನವನು ನಿಂತು ನಿಂತು ಕಾಲು ಸೋತು ಪಾಠಕ್ಕೇ ಕುಳಿತ. ಅವನಿಗೆ ಈಗ ಎಮ್ಮೆಯ ವಯಸ್ಸು ಹಲ್ಲು ನೋಡಿ ಹೇಳಲು ಬರುತ್ತದೆ. ಹೊತ್ತು ಮಾತ್ರ ಹುಣಸೆಮರ ಬಿಟ್ಟು ಕದಲಲಿಲ್ಲ. ಮೇಕೆಗೆ ಎಲ್ಲಿ ಮುಟ್ಟಿದರೂ ತಾನೇ ಆ ಕಡೆ ತಿರುಗಿ ನಿಲ್ಲುವಷ್ಟು ರೂಢಿಯಾಗಿತ್ತು.

ಒಬ್ಬ ಹತ್ತಪ್ಪ ಮಾತ್ರ ತುತ್ತು ಮುಟ್ಟದೆ ಗೋಡೆಗೆ ಒರಗಿ ಕುಳಿತಿದ್ದ. ಹದಿಹರೆಯದವನು, ಆದರೆ ಮುಖ ಗಂಭೀರ. "ಯಾಕಪ್ಪ, ಉಪ್ಪು ಕಡಿಮಿ ಆತೇನು?" ಎಂದೆ. "ಇಲ್ಲಬೇ. ನಾನು ಪರೀಕ್ಷೆ ಸೋಮವಾರದ ಹತ್ತು. ವಿದ್ಯಾರ್ಥಿಗಳ ಮನ್ಯಾಗ ಏನೂ ತಿನ್ನೂ ಹಂಗಿಲ್ಲ." ಹುಡುಗರೆಲ್ಲ ಒಮ್ಮೆಲೇ ಎದ್ದು ಅವನಿಗೆ ಗಾಳಿ ಹಾಕಲು ಶುರು ಮಾಡಿದರು. ಒಬ್ಬ ಬೇಸನ್ ಉಂಡೆ ತಂದ. ಒಬ್ಬಳು ಅವನ ಕೋಟು ಕೊಡವಿದಳು. ಅವನು ಯಾರ ಕಡೆಯೂ ನೋಡಲಿಲ್ಲ. ಅವನ ಸರದಿ ಬಂದಾಗ ಮೇಡಂ ದಾಟಿಸಿ ಮುಂದೆ ಹೋದರು. "ನೀನು ಹೋಗಪ್ಪ, ನಿನ್ನ ದಿನಕ್ಕೇ ಬಾ," ಎಂದರು. ಪಂಕ್ತಿಯಿಂದ ಏಳಲು ಅವನಿಗೆ ಅಡ್ಡಿ ಇರಲಿಲ್ಲ, ತಿಂದೇ ಇರಲಿಲ್ಲವಲ್ಲ.

ಪರೀಕ್ಷೆಯವನ ಆಚೆ ಕೋರ್ಸಿರಲಿಲ್ಲ, ಆದರೆ ಹತ್ತುಗಳಿದ್ದವು. ಪಾಠದಲ್ಲಿ ಉಳಿದದ್ದು ಕೋಳಿ. ಕೋಳಿಯ ಪಾಲಿಗೆ ಬಂದದ್ದು ಬರೀ ಚಿಕ್ಕ ಹತ್ತುಗಳು. ಬಲಿಯದ ಗಂಟೆ ಎಷ್ಟು ಹೊತ್ತು ಬಾಳೀತು? 'ಕೋಳಿ' ಅನ್ನುವಷ್ಟರಲ್ಲಿ ಒಂದು ಮುಗಿಯಿತು, 'ಅಂದರೆ' ಅನ್ನುವಷ್ಟರಲ್ಲಿ ಇನ್ನೊಂದು. ಮೇಡಂ ಉಸಿರು ಬಿಡದೆ ರೆಕ್ಕೆ, ಕೊಕ್ಕು, ರೋಗ ಎಂದು ಓಡಿಸಿ ಪುಸ್ತಕ ಮುಚ್ಚಿದರು. ಎಲ್ಲ ಕಾಲೇಜಿನಲ್ಲೂ ಕೊನೆಯ ಪಾಠ ಹೀಗೇ ಮುಗಿಯುವುದಂತೆ. ಅಲ್ಲಿ ಬೇರೆ ಕಾರಣ ಹೇಳುತ್ತಾರೆ.

ಬುಟ್ಟಿಯ ಕೂಸುಗಳಿಗೆ ಪಾಠ ಬೇಕಿರಲಿಲ್ಲ. ಹಾಲು ಕುಡಿಸಿದೆ, ಬಾಯಿ ಒರೆಸಿದೆ, ಕಣ್ಣಿಗೆ ಕಾಡಿಗೆ ಹಚ್ಚಿದೆ. ಒಂದೊಂದಕ್ಕೂ ಕೈಗೆ ಬೆಲ್ಲದ ಚೂರು ಕೊಟ್ಟು, "ಹೋಗಿ ಬಾ, ನಿನ್ನ ಹೊತ್ತು ಬಂದಾಗ ಬಾ," ಎಂದು ಕಸ್ತೂರಿ ಹೇಳಿದಳು. ಅವು ನಕ್ಕವು. ದೊಡ್ಡವರು ಎಲೆ-ಅಡಿಕೆ ಹಾಕಿಕೊಂಡು, ಬುಟ್ಟಿ ಎತ್ತಿಕೊಂಡು, ಒಮ್ಮೆಲೇ ಎದ್ದರು. ಹೊರಗೆ ಹನ್ನೊಂದಕ್ಕ ಸೆರಗು ಝಾಡಿಸಿ, ಸೋಸಿದ ಸೊಪ್ಪು ನನ್ನ ಕೈಗಿಟ್ಟು, ಊರೊಳಗೆ ನಡೆದಳು. ಬ್ಯಾಂಕು ತೆರೆಯಿತು. ಮೇಡಂ ನಮ್ಮ ಕಟ್ಟೆಯ ಮೇಲೆ ಕುಳಿತು, ಗಂಟಲು ಬಿದ್ದ ದನಿಯಲ್ಲಿ, "ಸಾವಂತ್ರಮ್ಮ, ಆ ಅವಲಕ್ಕಿ ಇದೆಯಾ?" ಎಂದರು. ಇರಲಿಲ್ಲ. ಎರಡು ರೊಟ್ಟಿ, ಝುಣಕ ಕೊಟ್ಟೆ.

ಮುಂದಿನ ಸೋಮವಾರ ಹತ್ತಪ್ಪ ಬರಲಿಲ್ಲ. ಅವನನ್ನು ನಾವು ಬಳಸಿ ಮುಗಿಸಿದ್ದೆವು. ಬೆಳಿಗ್ಗೆಯ ಕೊನೆಯ ಚಹಾ ಕುಡಿದು ತಲೆ ಎತ್ತಿದರೆ ಹನ್ನೊಂದಾಗಿತ್ತು. ಅದರ ಮುಂದಿನ ಸೋಮವಾರವೂ ಹಾಗೆ. ಜನ ಮೊದಲು ಬೈದರು, ಆಮೇಲೆ ಹೊಂದಿಕೊಂಡರು. ಬ್ಯಾಂಕಿನವರು ಸೋಮವಾರ ತಡವಾಗಿ ತೆರೆಯುತ್ತೇವೆಂದು ಹಲಗೆ ಹಾಕಿದರು. ಸೋಮವಾರ ಹತ್ತಕ್ಕೆ ಬಡ್ಡಿ ಕೇಳಲು ಬರುತ್ತಿದ್ದವನಿಗೆ ಬರಲು ಹೊತ್ತೇ ಸಿಗದೆ, ಅವನ ಸಾಲಗಾರರು ನನಗೆ ಹಬ್ಬದ ದಿನ ಸೀರೆ ಕೊಟ್ಟರು. ಗುರುವಾರದ ಎರಡವ್ವನನ್ನೂ ಶನಿವಾರದ ಹನ್ನೊಂದಕ್ಕನನ್ನೂ ನಾನೇ ಹಿಂದಿನ ದಿನ ಹಿಟ್ಟು ನಾದುತ್ತ ಬಾಯಿಯಿಂದಲೇ ಕರೆದೆ, ಒಂದೂ ತಪ್ಪಲಿಲ್ಲ. ಈರಣ್ಣನ ಫೋನನ್ನು ಹಿಟ್ಟಿನ ಡಬ್ಬಿಯಿಂದ ತೆಗೆದು ಕೊಟ್ಟೆ. ಅದರಲ್ಲಿ ಈಗ ಅವನು ಹಾಡು ಕೇಳುತ್ತಾನೆ, ಅಷ್ಟೇ.

ಪರೀಕ್ಷೆಯ ಸೋಮವಾರ ಆ ಗಂಭೀರ ಹತ್ತಪ್ಪ ಬಂದ, ಮೀಸೆ ಬಲಿತಿತ್ತು. ಚಹಾ ಬೇಡ ಅಂದ, ನೀರೂ ಬೇಡ ಅಂದ. ಕಸ್ತೂರಿ ಅವನ ಜತೆ ನಡೆದು ಹೋದಳು, ಬರೆದಳು, ಪಾಸಾದಳು. ಕೋಳಿಯ ಪ್ರಶ್ನೆಗೆ ಸೊನ್ನೆ, ಉಳಿದದ್ದಕ್ಕೆಲ್ಲ ಒಳ್ಳೆಯ ಅಂಕ. ಈಗ ದನದ ದವಾಖಾನೆಯಲ್ಲಿ ಅವಳಿಗೊಂದು ಮೇಜು, ಒಂದು ಕುರ್ಚಿ ಇದೆ. ಯಾರಾದರೂ ಕೋಳಿ ತಂದರೆ ಅವಳು ಮರ್ಯಾದೆಯಿಂದ ಮೇಡಂ ಮನೆಯ ದಾರಿ ತೋರಿಸುತ್ತಾಳೆ.

ಊರು ಒಂದು ವರ್ಷದ ಸೋಮವಾರದ ಹತ್ತುಗಳನ್ನು ಕಳೆದುಕೊಂಡಿತು, ಅವು ತಿರುಗಿ ಬರುವುದಿಲ್ಲ. ನನ್ನ ಮಾತು ಉಳಿಯಿತು, ಸೊಸೆ ಓದಿದಳು.